ಮೂರನೇ ಗುಂಡು ಯಾರ ಪಿಸ್ತೂಲಿನದು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1920ರ ಏಪ್ರಿಲ್ 16ರಂದು ಡಾ. ಜಾರ್ಜ್ ಮ್ಯಾಗ್ರಾತ್ ಎಂಬ ವೈದ್ಯರು ಅಲೆಸ್ಸಾಂಡ್ರೊ ಬೆರಾರ್ಡೆಲ್ಲಿ ಎಂಬಾತನ ಶವ ಪರೀಕ್ಷೆ ಮಾಡಿದರು. ದೇಹದಲ್ಲಿ ನಾಲ್ಕು ಗುಂಡುಗಳು ಸಿಕ್ಕವು. ಮುಂದೆ ಗುರುತು ಅದಲುಬದಲಾಗಬಾರದೆಂದು ಅವರು ಒಂದೊಂದು ಗುಂಡಿನ ಬುಡದಲ್ಲೂ ಸೂಜಿಯ ಮೊನೆಯಿಂದ ರೋಮನ್ ಅಂಕಿ ಗೀಚಿದರು. ಮೂರು ಗೀಟು ಬಿದ್ದ ಗುಂಡು ಬಲ ಭುಜದ ಹಿಂಬದಿಯಿಂದ ಒಳಹೊಕ್ಕು, ಕೆಳಮುಖವಾಗಿ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಕತ್ತರಿಸಿ, ಸೊಂಟದ ಮೂಳೆಯ ಹತ್ತಿರ ನಿಂತಿತ್ತು. ಮೂಳೆಗೆ ತಗುಲಿ ಅದರ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಪ್ರಾಣ ತೆಗೆದದ್ದು ಅದೇ ಗುಂಡು.

ಏಳು ವರ್ಷಗಳ ನಂತರ ಇಬ್ಬರನ್ನು ವಿದ್ಯುತ್ ಕುರ್ಚಿಗೆ ಕಳಿಸಿದ ಪ್ರಕರಣದಲ್ಲಿ ಈ ಮೂರನೇ ಗುಂಡಿನಷ್ಟು ಚರ್ಚೆಗೆ ಒಳಗಾದ ಸಾಕ್ಷ್ಯ ಇನ್ನೊಂದಿಲ್ಲ. ಆ ಇಬ್ಬರು ನಿಕೋಲ ಸಾಕೊ ಮತ್ತು ಬಾರ್ಟೊಲೊಮಿಯೊ ವಾಂಜೆಟ್ಟಿ, ಇಟಲಿಯಿಂದ ವಲಸೆ ಬಂದವರು. ಸಾಕೊ ಶೂ ಕಾರ್ಖಾನೆಯ ಕೆಲಸಗಾರ, ವಾಂಜೆಟ್ಟಿ ಮೀನು ಮಾರುವವನು. ಇಬ್ಬರೂ ಅರಾಜಕತಾವಾದಿಗಳು. ಸರ್ಕಾರಕ್ಕೆ ಅಂಥವರನ್ನು ಕಂಡರೆ ಭಯವೂ ಸಿಟ್ಟೂ ಇದ್ದ ಕಾಲ ಅದು. ಹಾಗಾಗಿ ಈ ಪ್ರಕರಣವನ್ನು ಜಗತ್ತು ರಾಜಕೀಯದ ಕಥೆಯಾಗಿಯೇ ನೆನಪಿಟ್ಟುಕೊಂಡಿದೆ. ಆದರೆ ಗುಂಪೊಂದು ಗುಂಡು ಹಾರಿಸಿ ಕೊಂದಾಗ ವೈದ್ಯರ ವರದಿ, ಪಿಸ್ತೂಲಿನ ಪರೀಕ್ಷೆ, ಕಣ್ಣಾರೆ ಕಂಡವರ ಮಾತು ಇವು ಮೂರೂ ಒಂದಕ್ಕೊಂದು ಹೇಗೆ ಹೊಂದಬೇಕು, ಹೊಂದದಿದ್ದರೆ ಮೇಲ್ಮನವಿಯಲ್ಲಿ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಘಟನೆ ನಡೆದದ್ದು ಏಪ್ರಿಲ್ 15ರ ಮಧ್ಯಾಹ್ನ ಮೂರರ ಸುಮಾರಿಗೆ, ಸೌತ್ ಬ್ರೇನ್‌ಟ್ರೀ ಎಂಬ ಊರಿನ ಪರ್ಲ್ ಸ್ಟ್ರೀಟಿನಲ್ಲಿ. ಸ್ಲೇಟರ್ ಅಂಡ್ ಮೊರಿಲ್ ಶೂ ಕಾರ್ಖಾನೆಯ ಸಂಬಳದ ಹಣ, 15,776 ಡಾಲರ್, ಪೆಟ್ಟಿಗೆಗಳಲ್ಲಿ ಹೋಗುತ್ತಿತ್ತು. ಹೊತ್ತಿದ್ದವರು ಖಜಾಂಚಿ ಫ್ರೆಡರಿಕ್ ಪಾರ್ಮೆಂಟರ್ ಮತ್ತು ಕಾವಲಿನ ಬೆರಾರ್ಡೆಲ್ಲಿ. ಬೇಲಿಗೆ ಒರಗಿ ನಿಂತಿದ್ದ ಇಬ್ಬರು ಗುಂಡು ಹಾರಿಸಿದರು. ಒಂದು ಬ್ಯೂಕ್ ಕಾರು ಬಂತು. ಹಣದ ಪೆಟ್ಟಿಗೆಗಳೊಂದಿಗೆ ಎಲ್ಲರೂ ಹತ್ತಿ ಹೋದರು. ಕಾರಿನಲ್ಲಿ ಐದು ಜನ ಇದ್ದರೆಂದು ಲೆಕ್ಕ. ಬೆರಾರ್ಡೆಲ್ಲಿ ಅಲ್ಲೇ ಸತ್ತ, ಪಾರ್ಮೆಂಟರ್ ಮರುದಿನ ಬೆಳಗಿನ ಜಾವ ಆಸ್ಪತ್ರೆಯಲ್ಲಿ. ಐವರಲ್ಲಿ ವಿಚಾರಣೆಗೆ ನಿಂತವರು ಇಬ್ಬರೇ. ಕದ್ದ ಹಣ ಅವರ ಬಳಿ ಸಿಗಲಿಲ್ಲ.

ಮೇ 5ರ ರಾತ್ರಿ ಬ್ರಾಕ್ಟನ್ ಊರಿನ ಟ್ರಾಮಿನಲ್ಲಿ ಸಾಕೊ, ವಾಂಜೆಟ್ಟಿ ಸಿಕ್ಕಿಬಿದ್ದಾಗ ಸಾಕೊನ ಸೊಂಟದಲ್ಲಿ .32 ಕ್ಯಾಲಿಬರಿನ ಕೋಲ್ಟ್ ಪಿಸ್ತೂಲು ಇತ್ತು. ಪಿಸ್ತೂಲಿನೊಳಗೆ ಒಂಬತ್ತು ಕಾಡತೂಸು, ಜೇಬಿನಲ್ಲಿ ಇನ್ನೂ ಇಪ್ಪತ್ಮೂರು. ವಾಂಜೆಟ್ಟಿಯ ಬಳಿ .38 ಕ್ಯಾಲಿಬರಿನ ರಿವಾಲ್ವರು. ಪೊಲೀಸರು ಕೇಳಿದ ಪ್ರಶ್ನೆಗಳಿಗೆ ಇಬ್ಬರೂ ಸುಳ್ಳು ಹೇಳಿದರು. ಕೊಲೆಯ ಭಯದಿಂದಲ್ಲ, ರಾಜಕೀಯ ಕಾರಣಕ್ಕೆ ಗಡೀಪಾರು ಮಾಡುತ್ತಾರೆಂಬ ಭಯದಿಂದ ಹಾಗೆ ಹೇಳಿದೆವು ಎಂಬುದು ಅವರ ಸಮರ್ಥನೆಯಾಗಿತ್ತು.

ಇಲ್ಲಿಂದ ಮುಂದಿನದು ಗುಂಡುಗಳ ಲೆಕ್ಕ. ಬೆರಾರ್ಡೆಲ್ಲಿಗೆ ನಾಲ್ಕು, ಪಾರ್ಮೆಂಟರ್‌ಗೆ ಎರಡು, ಒಟ್ಟು ಆರು. ಆರೂ .32 ಕ್ಯಾಲಿಬರಿನವು. ಪಿಸ್ತೂಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಗುಂಡು ತಿರುಗುತ್ತಾ ನೇರವಾಗಿ ಹೋಗಲೆಂದು. ಸುರುಳಿ ಕೆಲವು ಕಂಪನಿಗಳಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಕೋಲ್ಟ್‌ನದು ಎಡಸುರುಳಿ. ಇದರ ಮೇಲೆ ಆಯಾ ನಳಿಗೆಯ ಸವೆತ, ತುಕ್ಕು, ಕೊರೆಯುವಾಗ ಉಳಿದ ಒರಟು ಸೇರಿಕೊಳ್ಳುತ್ತವೆ. ಶಾವಿಗೆ ಒತ್ತುವ ಅಚ್ಚಿನ ಒಂದು ತೂತಿನಲ್ಲಿ ಸಣ್ಣ ಮುಳ್ಳಿದ್ದರೆ ಅದರಿಂದ ಇಳಿಯುವ ಎಳೆಯುದ್ದಕ್ಕೂ ಗೀರು ಬೀಳುವಂತೆ, ಆ ನಳಿಗೆಯಿಂದ ಬಂದ ಪ್ರತಿ ಗುಂಡಿನ ಮೇಲೂ ಅದರದೇ ಗುರುತು ಮೂಡುತ್ತದೆ. ಸುರುಳಿಯ ದಿಕ್ಕು, ಗೀರುಗಳ ಸಂಖ್ಯೆ, ಅಗಲ ಇವುಗಳಿಂದ ಯಾವ ಕಂಪನಿಯ ಪಿಸ್ತೂಲೆಂದು ಊಹಿಸಬಹುದು. ಇದೇ ಪಿಸ್ತೂಲು ಎಂದು ಹೇಳಬೇಕಾದರೆ ಆ ಸಣ್ಣ ಗೀಚುಗಳೇ ಹೊಂದಬೇಕು.

ಆರು ಗುಂಡುಗಳಲ್ಲಿ ಐದರ ಮೇಲೆ ಬಲಸುರುಳಿಯ ಗುರುತು ಇತ್ತು. ಅವು ಸ್ಯಾವೇಜ್ ಕಂಪನಿಯ ಪಿಸ್ತೂಲಿನವು ಎಂದು ತಜ್ಞರು ಹೇಳಿದರು. ಆ ಪಿಸ್ತೂಲು ಸಿಗಲಿಲ್ಲ. ಎಡಸುರುಳಿ ಇದ್ದದ್ದು ಒಂದೇ ಒಂದು ಗುಂಡಿನ ಮೇಲೆ, ಮೂರು ಗೀಟಿನ ಗುಂಡಿನ ಮೇಲೆ.

ಅಂದರೆ ಬೆರಾರ್ಡೆಲ್ಲಿಯ ದೇಹದಲ್ಲಿದ್ದ ನಾಲ್ಕರಲ್ಲಿ ಮೂರು ಒಂದು ಪಿಸ್ತೂಲಿನವು, ಒಂದು ಬೇರೆ ಪಿಸ್ತೂಲಿನದು. ಹಾಗಿದ್ದರೆ ಇಬ್ಬರು ಅವನ ಮೇಲೆ ಗುಂಡು ಹಾರಿಸಿರಬೇಕು. ಕಂಡವರು ಹೇಳಿದ್ದೇನು? ಕುಸಿದಿದ್ದ ಬೆರಾರ್ಡೆಲ್ಲಿಯ ಹತ್ತಿರ ನಿಂತು ಒಬ್ಬ ಗುಂಡು ಹೊಡೆಯುತ್ತಿದ್ದ ಎಂದು. ಕಣ್ಣಿನ ಸಾಕ್ಷ್ಯ ಒಬ್ಬನನ್ನು ತೋರಿಸುತ್ತದೆ, ಶವಾಗಾರದ ಮೇಜು ಇಬ್ಬರನ್ನು. ತೀರ್ಪನ್ನು ಟೀಕಿಸಿದವರು ದಶಕಗಳ ಕಾಲ ಹಿಡಿದು ಎಳೆದದ್ದು ಈ ಎಳೆಯನ್ನೇ. ಎಡಸುರುಳಿಯ ಆ ಗುಂಡು ನಿಜಕ್ಕೂ ಬೆರಾರ್ಡೆಲ್ಲಿಯ ದೇಹದಿಂದ ಬಂದದ್ದೇ, ಅಥವಾ ಸಾಕೊನ ಪಿಸ್ತೂಲಿನಿಂದ ಆಮೇಲೆ ಹಾರಿಸಿ ಪೊಟ್ಟಣದೊಳಗೆ ಸೇರಿಸಿದ್ದೇ ಎಂಬ ಅನುಮಾನ ಹುಟ್ಟಿದ್ದೂ ಇಲ್ಲಿಂದಲೇ. ಓಡುವವರು, ಕೂಗುವವರು, ಹೊಗೆ, ಗಾಬರಿ ಇರುವ ಬೀದಿಯಲ್ಲಿ ಎರಡನೇ ಪಿಸ್ತೂಲು ಕಣ್ತಪ್ಪಿ ಹೋಗುವುದು ಅಸಹಜವೇನಲ್ಲ. ಆದರೂ ಪ್ರಶ್ನೆ ಕ್ಷುಲ್ಲಕವಲ್ಲ. ನ್ಯಾಯಾಲಯದಲ್ಲಿ ಇದಕ್ಕೆ ಉತ್ತರ ಸಿಗಬೇಕಿತ್ತು.

ವಿಚಾರಣೆ 1921ರ ಮೇ 31ರಂದು ಡೆಡ್‌ಹ್ಯಾಮ್ ನಗರದಲ್ಲಿ ನ್ಯಾಯಾಧೀಶ ವೆಬ್‌ಸ್ಟರ್ ಥೇಯರ್ ಅವರ ಮುಂದೆ ಆರಂಭವಾಯಿತು. ತಜ್ಞರು ಸಾಕೊನ ಕೋಲ್ಟ್‌ನಿಂದ ಎಣ್ಣೆ ಬೆರೆಸಿದ ಮರದ ಹೊಟ್ಟಿನೊಳಗೆ ಗುಂಡು ಹಾರಿಸಿ, ಆ ಗುಂಡುಗಳನ್ನು ಮೂರನೆಯದರ ಪಕ್ಕದಲ್ಲಿಟ್ಟು ನೋಡಿದ್ದರು. ಮೂರನೆಯದು ವಿಂಚೆಸ್ಟರ್ ಕಂಪನಿಯ ಹಳೆಯ ಮಾದರಿ. ಪರೀಕ್ಷೆಗೆ ಅಂಥದು ಸಿಗದೆ ಆರೋಪಿಗಳ ಪರವಾದ ತಜ್ಞರು ಬೇರೆ ಕಂಪನಿಯ ಗುಂಡು ಬಳಸಬೇಕಾಯಿತು. ಆ ಹಳೆಯ ಮಾದರಿಯ ಆರು ಕಾಡತೂಸು ಸಾಕೊನ ಬಳಿ ಇದ್ದವು ಎಂಬುದು ಅವನ ವಿರುದ್ಧದ ಗಟ್ಟಿ ಅಂಶ. ಮೂರನೆಯದು ಸಾಕೊನ ಪಿಸ್ತೂಲಿನಿಂದಲೇ ಬಂತೆಂದು ನಂಬಲು ನನ್ನ ಮನಸ್ಸು ಒಲಿಯುತ್ತದೆ ಎಂಬರ್ಥದಲ್ಲಿ ಸರ್ಕಾರದ ಪರ ತಜ್ಞ ಚಾರ್ಲ್ಸ್ ವ್ಯಾನ್ ಆಂಬರ್ಗ್ ನುಡಿದರು. ಇನ್ನೊಬ್ಬ ತಜ್ಞ, ರಾಜ್ಯ ಪೊಲೀಸ್ ಕ್ಯಾಪ್ಟನ್ ವಿಲಿಯಂ ಪ್ರಾಕ್ಟರ್, ಗುಂಡು ಆ ಪಿಸ್ತೂಲಿನಿಂದ ಹಾರಿರುವುದಕ್ಕೆ ಹೊಂದಿಕೆಯಾಗುತ್ತದೆ ಎಂದರು. ಆರೋಪಿಗಳ ಪರ ಬಂದ ಇಬ್ಬರು ತಜ್ಞರು ಅಲ್ಲವೇ ಅಲ್ಲ ಎಂದರು. ಜುಲೈ 14ರಂದು ಒಳಗೆ ಹೋದ ಜ್ಯೂರಿಯವರು ಒಂದು ಭೂತಗನ್ನಡಿ ತರಿಸಿಕೊಂಡರು. ತಜ್ಞರು ಒಮ್ಮತಕ್ಕೆ ಬರಲಾಗದ ಗೀಚುಗಳನ್ನು ಸಾಮಾನ್ಯ ಜನ ಕೈಯಲ್ಲಿ ಕನ್ನಡಿ ಹಿಡಿದು ನೋಡಿದರು. ಅದೇ ಸಂಜೆ ಇಬ್ಬರೂ ಅಪರಾಧಿಗಳೆಂದು ಹೊರಗೆ ಬಂದು ಹೇಳಿದರು.

ಕ್ಯಾಪ್ಟನ್ ಪ್ರಾಕ್ಟರ್ ಹೇಳಿದ ಮಾತನ್ನು ಮತ್ತೊಮ್ಮೆ ನೋಡಬೇಕು. ಹೊಂದಿಕೆಯಾಗುತ್ತದೆ ಎಂದರೆ, ಯಾವುದೋ ಒಂದು ಕೋಲ್ಟ್‌ನಿಂದ ಬಂದಿರಬಹುದು, ಇದೂ ಒಂದು ಕೋಲ್ಟ್, ಅಷ್ಟೇ. ನ್ಯಾಯಾಧೀಶ ಥೇಯರ್ ಜ್ಯೂರಿಗೆ ವಿವರಿಸುವಾಗ ಅದು ಸಾಕೊನ ಪಿಸ್ತೂಲಿನಿಂದಲೇ ಹಾರಿತೆಂಬ ಸಾಕ್ಷ್ಯವಾಗಿ ಬದಲಾಗಿತ್ತು. ಎರಡು ವರ್ಷಗಳ ನಂತರ, 1923ರ ಅಕ್ಟೋಬರಿನಲ್ಲಿ, ಪ್ರಾಕ್ಟರ್ ಪ್ರಮಾಣಪತ್ರ ಸಲ್ಲಿಸಿದರು. ಇದೇ ಪಿಸ್ತೂಲಿನಿಂದ ಹಾರಿದ್ದಕ್ಕೆ ಪುರಾವೆ ಸಿಕ್ಕಿಲ್ಲವೆಂದು ಸರ್ಕಾರಿ ವಕೀಲರಿಗೆ ಮೊದಲೇ ತಿಳಿಸಿದ್ದೆ, ಪ್ರಶ್ನೆಯನ್ನೂ ಉತ್ತರವನ್ನೂ ಮುಂಚಿತವಾಗಿ ಹೊಂದಿಸಿಕೊಂಡಿದ್ದೆವು, ನೇರವಾಗಿ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ ಎಂಬುದು ಅದರ ತಿರುಳು. 1924ರಲ್ಲಿ ಅವರು ತೀರಿಕೊಂಡರು. ಸರ್ಕಾರದ ತಜ್ಞನೇ ತನ್ನ ಸಾಕ್ಷ್ಯದ ಅರ್ಥ ಅದಲ್ಲ ಎಂದ ಮೇಲೆ ಮರುವಿಚಾರಣೆಗೆ ಬೇರೆ ಕಾರಣ ಬೇಕಿರಲಿಲ್ಲ.

ಮರುವಿಚಾರಣೆಯ ಅರ್ಜಿಯನ್ನು ಕೇಳಿದವರು ಅದೇ ಥೇಯರ್. ಆ ರಾಜ್ಯದ ಅಂದಿನ ಪದ್ಧತಿ ಹಾಗಿತ್ತು. ತನ್ನ ವಿಚಾರಣೆ ತಪ್ಪಿತೇ ಇಲ್ಲವೇ ಎಂದು ಅದೇ ನ್ಯಾಯಾಧೀಶರೇ ತೀರ್ಮಾನಿಸಬೇಕಿತ್ತು. 1924ರ ಅಕ್ಟೋಬರ್ 1ರಂದು ಅವರು ಪ್ರಾಕ್ಟರ್ ಅರ್ಜಿಯೂ ಸೇರಿ ಎಲ್ಲವನ್ನೂ ತಳ್ಳಿಹಾಕಿದರು. 1925ರ ನವೆಂಬರಿನಲ್ಲಿ ಸೆಲೆಸ್ಟಿನೊ ಮದೇರೊಸ್ ಎಂಬ ಇನ್ನೊಬ್ಬ ಕೈದಿ, ಸೌತ್ ಬ್ರೇನ್‌ಟ್ರೀ ಕೃತ್ಯದಲ್ಲಿ ನಾನಿದ್ದೆ, ಸಾಕೊ, ವಾಂಜೆಟ್ಟಿ ಇರಲಿಲ್ಲ ಎಂದು ಜೈಲಿನಲ್ಲೇ ಚೀಟಿ ಬರೆದು ಕಳಿಸಿದ. ಆ ಅರ್ಜಿಯೂ ಥೇಯರ್ ಬಳಿಗೇ ಹೋಯಿತು, ತಿರಸ್ಕೃತವಾಯಿತು. ರಾಜ್ಯದ ಅತ್ಯುನ್ನತ ನ್ಯಾಯಾಲಯ 1926ರ ಮೇ 12ರಂದು, ಮತ್ತೆ 1927ರ ಏಪ್ರಿಲ್ 5ರಂದು ಮೇಲ್ಮನವಿಗಳನ್ನು ವಜಾ ಮಾಡಿತು. ಸಾಕ್ಷ್ಯವನ್ನು ಹೊಸದಾಗಿ ತೂಗುವ ಅಧಿಕಾರ ಆ ನ್ಯಾಯಾಲಯಕ್ಕೆ ಇರಲಿಲ್ಲ. ಕಾನೂನಿನ ತಪ್ಪಾಗಿದೆಯೇ, ನ್ಯಾಯಾಧೀಶರು ವಿವೇಚನೆಯ ಎಲ್ಲೆ ಮೀರಿದ್ದಾರೆಯೇ ಎಂದಷ್ಟೇ ಅದು ನೋಡುತ್ತಿತ್ತು. ಮೂರನೇ ಗುಂಡನ್ನು ಮೇಲಿನ ಯಾವ ನ್ಯಾಯಪೀಠವೂ ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಆರೋಪಿಗಳ ಪರವಾಗಿ ನಿಂತವರ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ, ಅದನ್ನೂ ಹೇಳಬೇಕು. ಅವರು ಕರೆತಂದ ಆಲ್ಬರ್ಟ್ ಹ್ಯಾಮಿಲ್ಟನ್ ಎಂಬ ಸ್ವಯಂಘೋಷಿತ ತಜ್ಞ 1923ರಲ್ಲಿ ನ್ಯಾಯಾಧೀಶರ ಎದುರೇ ಸಾಕೊನ ಪಿಸ್ತೂಲನ್ನೂ ತಾನು ತಂದ ಎರಡು ಹೊಸ ಕೋಲ್ಟ್‌ಗಳನ್ನೂ ಬಿಚ್ಚಿ ಜೋಡಿಸಿದ. ಕೆಲವು ತಿಂಗಳ ನಂತರ ನೋಡಿದರೆ ಸಾಕೊನ ಪಿಸ್ತೂಲಿನಲ್ಲಿ ಹೊಚ್ಚಹೊಸ ನಳಿಗೆ! ಹಳೆಯ ನಳಿಗೆ ಹ್ಯಾಮಿಲ್ಟನ್ ತಂದ ಪಿಸ್ತೂಲೊಂದರಲ್ಲಿ ಸಿಕ್ಕಿತು. ಥೇಯರ್ ಅದನ್ನು ಮರಳಿ ಹಾಕಿಸಿದರು, ಬದಲಿಸಿದ್ದು ಯಾರೆಂದು ತೀರ್ಮಾನ ಕೊಡಲಿಲ್ಲ. ಇದೇ ಹ್ಯಾಮಿಲ್ಟನ್ 1915ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಚಾರ್ಲ್ಸ್ ಸ್ಟೀಲೋ ಎಂಬ ಕೂಲಿಯ ರಿವಾಲ್ವರಿನಿಂದಲೇ ಗುಂಡು ಹಾರಿತೆಂದು ಸಾಕ್ಷಿ ಹೇಳಿ ಅವನನ್ನು ಮರಣದಂಡನೆಯ ಅಂಚಿಗೆ ತಳ್ಳಿದ್ದವನು. ಸ್ಟೀಲೋ ನಿರಪರಾಧಿಯೆಂದು ಆಮೇಲೆ ತಿಳಿಯಿತು. ಆ ಮರುತನಿಖೆಯಲ್ಲಿ ದುಡಿದ ಚಾರ್ಲ್ಸ್ ವೇಟ್ ಮುಂದೆ ಕ್ಯಾಲ್ವಿನ್ ಗಾಡರ್ಡ್, ಫಿಲಿಪ್ ಗ್ರ್ಯಾವೆಲ್ ಮೊದಲಾದವರ ಜೊತೆ ಸೇರಿ 1925ರಲ್ಲಿ ನ್ಯೂಯಾರ್ಕಿನಲ್ಲಿ ಗುಂಡು ಪರೀಕ್ಷೆಯ ಸಂಸ್ಥೆ ಕಟ್ಟಿದರು. ಎರಡು ಗುಂಡುಗಳನ್ನು ಎರಡು ಸೂಕ್ಷ್ಮದರ್ಶಕಗಳ ಕೆಳಗಿಟ್ಟು, ನಡುವೆ ಸೇತುವೆಯಂಥ ಕೊಳವೆ ಹಾಕಿ, ಒಂದೇ ಕಣ್ಣಳತೆಯಲ್ಲಿ ಅರ್ಧ ಇದು, ಅರ್ಧ ಅದು ಕಾಣುವಂತೆ ಗ್ರ್ಯಾವೆಲ್ ಮಾಡಿದರು. ಗೀರುಗಳು ನಡುಗೆರೆ ದಾಟಿ ಒಂದರಿಂದ ಇನ್ನೊಂದಕ್ಕೆ ಮುಂದುವರಿದರೆ ನಳಿಗೆ ಒಂದೇ.

ಗಾಡರ್ಡ್ ಆ ಯಂತ್ರವನ್ನು 1927ರ ಜೂನ್ 3ರಂದು ಡೆಡ್‌ಹ್ಯಾಮ್ ನ್ಯಾಯಾಲಯಕ್ಕೆ ತಂದರು. ಮೂರನೇ ಗುಂಡು ಸಾಕೊನ ಪಿಸ್ತೂಲಿನದೇ, ಸ್ಥಳದಲ್ಲಿ ಸಿಕ್ಕ ವಿಂಚೆಸ್ಟರ್ ಖಾಲಿ ಕೋಶವೂ ಅದರದೇ ಎಂದರು. ಆಗಸ್ಟ್ 23ರ ನಡುರಾತ್ರಿ ದಾಟಿದ ಮೇಲೆ ಇಬ್ಬರನ್ನೂ ಕೊಂದರು. 1961ರಲ್ಲಿ ನಡೆದ ಪರೀಕ್ಷೆಯೂ 1983ರಲ್ಲಿ ತಜ್ಞರ ತಂಡ ಮಾಡಿದ ಪರೀಕ್ಷೆಯೂ ಗಾಡರ್ಡ್ ಮಾತನ್ನೇ ಹೇಳಿದವು. 1983ರ ತಂಡಕ್ಕೆ ಇನ್ನೊಂದು ಸಂಗತಿ ಕಂಡಿತು: ಸಾಕೊನ ಬಳಿ ಇದ್ದ ಪೀಟರ್ಸ್ ಕಂಪನಿಯ ಕಾಡತೂಸುಗಳಲ್ಲಿ ಆರು, ಸ್ಥಳದಲ್ಲಿ ಸಿಕ್ಕ ಎರಡು ಪೀಟರ್ಸ್ ಖಾಲಿ ಕೋಶಗಳನ್ನು ತಯಾರಿಸಿದ ಯಂತ್ರದಲ್ಲೇ ತಯಾರಾದವು. ಸಾಕೊ ಆ ಬೀದಿಯಲ್ಲಿ ಇದ್ದಿರಬಹುದು ಎಂದು ಈ ಪರೀಕ್ಷೆಗಳನ್ನು ಓದಿದ ಯಾರಿಗಾದರೂ ಅನಿಸುತ್ತದೆ. ವಿಚಾರಣೆ ನ್ಯಾಯಯುತವಾಗಿ ನಡೆಯಲಿಲ್ಲ ಎಂಬುದು ಅದರಿಂದ ಸುಳ್ಳಾಗುವುದಿಲ್ಲ. 1977ರಲ್ಲಿ ಆ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್ ಹೊರಡಿಸಿದ ಘೋಷಣೆಯೂ ವಿಚಾರಣೆಯ ಅನ್ಯಾಯದ ಬಗ್ಗೆಯೇ ಇತ್ತು.

ವಾಂಜೆಟ್ಟಿಯ ವಿಷಯ ಬೇರೆ. ಆರು ಗುಂಡುಗಳಲ್ಲಿ ಒಂದೂ ಅವನ ರಿವಾಲ್ವರಿನದಲ್ಲ, ಕ್ಯಾಲಿಬರೇ ಬೇರೆ. ಅದು ಬೆರಾರ್ಡೆಲ್ಲಿಯಿಂದ ಕಿತ್ತುಕೊಂಡ ರಿವಾಲ್ವರು ಎಂದು ಸರ್ಕಾರ ವಾದಿಸಿತು. ಬೆರಾರ್ಡೆಲ್ಲಿಯ ರಿವಾಲ್ವರಿಗೆ ರಿಪೇರಿಯಲ್ಲಿ ಹೊಸ ಕುದುರೆ ಹಾಕಿಸಿದ್ದರು, ಇದರಲ್ಲೂ ಹೊಸ ಕುದುರೆ ಇದೆ ಎಂಬುದು ವಾದದ ಆಧಾರ. ಕುದುರೆ ಉಳಿದ ಭಾಗಗಳಿಗಿಂತ ಹೊಸದೇನಲ್ಲ ಎಂದು ಆರೋಪಿಗಳ ತಜ್ಞರು ಹೇಳಿದರು. ಅವನು ಗುಂಡು ಹಾರಿಸಿದನೆಂದು ಯಾರೂ ಹೇಳಲಿಲ್ಲ. ಗುಂಪಿನಲ್ಲಿ ಇದ್ದ ಎಂಬ ಕಾರಣಕ್ಕೆ, ಸಾಕೊಗೆ ಆದ ಶಿಕ್ಷೆಯೇ ಅವನಿಗೂ ಆಯಿತು.

ಗುಂಪಿನ ಹೊಣೆಯ ಈ ನಿಯಮ ನಮ್ಮ ಕಾನೂನಿನಲ್ಲೂ ಇದೆ. ಐಪಿಸಿಯ 34 ಮತ್ತು 149ನೇ ಕಲಮುಗಳು, ಈಗ ಭಾರತೀಯ ನ್ಯಾಯ ಸಂಹಿತೆಯ 3(5) ಮತ್ತು 190, ಟ್ರಿಗರ್ ಒತ್ತಿದವನಿಗೂ ಅದೇ ಉದ್ದೇಶದಿಂದ ಜೊತೆಗೆ ಬಂದವನಿಗೂ ಒಂದೇ ಹೊಣೆ ಹೊರಿಸುತ್ತವೆ. ಹೀಗಿದ್ದ ಮೇಲೆ ಯಾವ ಗುಂಡು ಯಾರದು ಎಂಬ ಪ್ರಶ್ನೆ ಹಿಂದೆ ಸರಿದು, ಅಲ್ಲಿ ಇದ್ದವರು ಯಾರು ಎಂಬುದೇ ಮುಖ್ಯವಾಗುತ್ತದೆ. ದ್ವೇಷವಿರುವ ಊರಿನಲ್ಲಿ ಇಲ್ಲದವನ ಹೆಸರನ್ನೂ ಪಟ್ಟಿಗೆ ಸೇರಿಸುವುದು ಸುಲಭ. ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಒಂದೇ ಮನೆಗೆ ನುಗ್ಗಿ ಐವರನ್ನು ಕೊಂದ ಪ್ರಕರಣದ ಮೇಲ್ಮನವಿ 1964ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಗುಂಪಿನ ಒಬ್ಬೊಬ್ಬ ಆರೋಪಿಯ ವಿರುದ್ಧವೂ ಕನಿಷ್ಠ ಎರಡು ಮೂರು ಸಾಕ್ಷಿಗಳು ತಾಳೆಯಾಗುವ ಮಾತು ಹೇಳಿರಬೇಕೆಂಬ ಅಳತೆಗೋಲನ್ನು ನ್ಯಾಯಾಲಯ ಒಪ್ಪಿತು. ಮಸಾಲ್ತಿ ಪ್ರಕರಣವೆಂದು ವಕೀಲರು ಇಂದಿಗೂ ಉಲ್ಲೇಖಿಸುವ ಆ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ಗುಂಡಿನ ಪರೀಕ್ಷೆ ಎಲ್ಲಿಯವರೆಗೆ ಮಾತನಾಡುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೂ ಇದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಸಿದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲು ಎಂದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಎರಡು ವರ್ಷಗಳ ಅಂತರದ ಎರಡು ಕೊಲೆಗಳನ್ನು ಆ ಗೀಚುಗಳು ಬೆಸೆದವು. ಆದರೆ ವಿಶೇಷ ತನಿಖಾ ತಂಡದ ಆರೋಪಪಟ್ಟಿಗಳ ಪ್ರಕಾರ ಎರಡು ಕಡೆ ಗುಂಡು ಹಾರಿಸಿದವರು ಬೇರೆ ಬೇರೆ. ನಳಿಗೆ ಯಾವುದೆಂದು ಯಂತ್ರ ಹೇಳಿತು, ಕೈ ಯಾರದೆಂದು ತೋರಿಸಲು ಬೇರೆ ಸಾಕ್ಷ್ಯವೇ ಬೇಕು.

ನಮ್ಮ ಮೇಲ್ಮನವಿ ನ್ಯಾಯಾಲಯಗಳು ಈ ಸಾಕ್ಷ್ಯಗಳನ್ನು ತೂಗುವ ಬಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಅಂದಿನ ಪೀಠಕ್ಕಿಂತ ದೊಡ್ಡ ವ್ಯತ್ಯಾಸವಿದೆ. ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆ ಹೈಕೋರ್ಟ್ ಖಾಯಂ ಮಾಡದೆ ಜಾರಿಯಾಗುವಂತಿಲ್ಲ. ಹೈಕೋರ್ಟ್ ಸಾಕ್ಷ್ಯವನ್ನೆಲ್ಲ ಮೊದಲಿನಿಂದ ಓದಬೇಕು. ಮೊಹಿಂದರ್ ಸಿಂಗ್ ಪ್ರಕರಣದಲ್ಲಿ 1950ರಲ್ಲೇ ಸುಪ್ರೀಂ ಕೋರ್ಟ್ ಸಾಕ್ಷ್ಯದ ಒಳಗೆ ಇಳಿಯಿತು. ಗಾಯ ಬಂದೂಕಿನದೋ ರೈಫಲಿನದೋ ಎಂಬುದೇ ಅನುಮಾನವಾಗಿತ್ತು, ಪ್ರಾಸಿಕ್ಯೂಷನ್ ತಜ್ಞರನ್ನು ಕರೆಸಿರಲಿಲ್ಲ. ಆರೋಪಿಯ ಕೈಯಲ್ಲಿತ್ತು ಎನ್ನುವ ಆಯುಧದಿಂದ ಆ ಗಾಯ ಆಗಲು ಸಾಧ್ಯವೆಂದು ತಜ್ಞರ ಸಾಕ್ಷ್ಯದಿಂದ ತೋರಿಸುವುದು ಪ್ರಾಸಿಕ್ಯೂಷನ್‌ನ ಕರ್ತವ್ಯವೆಂದು ಹೇಳಿ ಆರೋಪಿಯನ್ನು ಬಿಡುಗಡೆ ಮಾಡಿತು. ಪ್ರತಿ ಪ್ರಕರಣದಲ್ಲೂ ತಜ್ಞರು ಬೇಕೇ ಬೇಕೆಂಬ ಕಟ್ಟುನಿಟ್ಟಿಲ್ಲ ಎಂದು ಮುಂದಿನ ತೀರ್ಪುಗಳು ಇದನ್ನು ಸಡಿಲಿಸಿದವು. ಕಂಡವರ ಮಾತಿಗೂ ವೈದ್ಯರ ಮಾತಿಗೂ ತಾಳೆಯಾಗದಾಗ, ವೈದ್ಯಕೀಯ ಸಾಕ್ಷ್ಯ ಆ ಘಟನೆ ಹಾಗೆ ನಡೆದಿರುವ ಸಾಧ್ಯತೆಯನ್ನೇ ಪೂರ್ತಿ ಅಳಿಸಿಹಾಕಿದರೆ ಮಾತ್ರ ಕಂಡವರ ಮಾತನ್ನು ಬಿಡಬೇಕೆಂದು 1983ರ ಸೋಲಂಕಿ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಬೆರಾರ್ಡೆಲ್ಲಿಯ ನಾಲ್ಕು ಗುಂಡುಗಳನ್ನು ಈ ಅಳತೆಗೆ ಇಟ್ಟರೆ ಪ್ರಾಸಿಕ್ಯೂಷನ್ ಬಿದ್ದುಹೋಗಲಾರದು, ಒಬ್ಬನನ್ನು ಕಂಡವರಿಗೆ ಎರಡನೆಯವನು ಕಾಣದೆ ಇದ್ದಿರಬಹುದು. ಆದರೆ ಪ್ರಾಕ್ಟರ್ ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟು ಹೋಗಲು ಇಲ್ಲಿ ಮೇಲ್ಮನವಿ ಕೇಳುವವರಿಗೆ ಸಾಧ್ಯವಾಗುತ್ತಿರಲಿಲ್ಲ.

ಮ್ಯಾಸಚೂಸೆಟ್ಸ್ ಕೂಡ ಬದಲಾಯಿತು. ಮರಣದಂಡನೆಗೆ ಗುರಿಯಾಗುವ ಪ್ರಕರಣಗಳ ಮೇಲ್ಮನವಿಯಲ್ಲಿ ಕಾನೂನಿನ ಜೊತೆ ಸಾಕ್ಷ್ಯವನ್ನೂ ಪೂರ್ತಿಯಾಗಿ ಪರಿಶೀಲಿಸಬೇಕೆಂದು 1939ರಲ್ಲಿ ಅಲ್ಲಿ ಕಾಯ್ದೆ ಬಂತು. ಸಾಕೊ, ವಾಂಜೆಟ್ಟಿ ಸತ್ತು ಹನ್ನೆರಡು ವರ್ಷಗಳಾಗಿದ್ದವು.

ಇಂದು ನಮ್ಮ ಯಾವುದೇ ಸೆಷನ್ಸ್ ನ್ಯಾಯಾಲಯದಲ್ಲಿ ಗುಂಡೊಂದು ಮುದ್ದೆಮಾಲಾಗಿ ಬಂದರೆ ಆರೋಪಿ ಪರ ವಕೀಲರು ಗೀರುಗಳಿಗಿಂತ ಮೊದಲು ಕೇಳುವುದು ಇದನ್ನು: ವೈದ್ಯರು ಅದನ್ನು ಯಾರ ಕೈಗೆ ಕೊಟ್ಟರು, ಸೀಲು ಯಾವುದು, ಠಾಣೆಯ ಮಾಲ್‌ಖಾನಾ ರಿಜಿಸ್ಟರಿನಲ್ಲಿ ಯಾವ ದಿನ ಬರೆದರು, ಪ್ರಯೋಗಾಲಯಕ್ಕೆ ಯಾವ ದಿನ ಹೋಯಿತು, ಅಲ್ಲಿ ತೆರೆದಾಗ ಸೀಲು ಹಾಗೇ ಇತ್ತೇ. ಪಿಸ್ತೂಲು ಗುಂಡಿಗಿಂತ ತಿಂಗಳು ತಡವಾಗಿ ಹೋಗಿದ್ದರೆ ಆ ಒಂದೇ ಕಾರಣಕ್ಕೆ ಗಂಟೆಗಟ್ಟಲೆ ಪಾಟೀಸವಾಲು ನಡೆಯುತ್ತದೆ. ಪೊಲೀಸರಿಗೆ ಇದು ಕಿರಿಕಿರಿ ಅನಿಸಬಹುದು. 1920ರ ಏಪ್ರಿಲ್ 16ರಿಂದ ವಿಚಾರಣೆಯ ದಿನದವರೆಗೆ ಮೂರನೇ ಗುಂಡಿನ ಬಗ್ಗೆ ಇಂಥ ಬಿಗಿಯಾದ ದಾಖಲೆ ಇದ್ದಿದ್ದರೆ, ಅದನ್ನು ಬದಲಿಸಿದ್ದರೇ ಎಂಬ ಅನುಮಾನ ಅಂದೇ ತೀರುತ್ತಿತ್ತು. 1927, 1961, 1983ರ ಮೂರೂ ಪರೀಕ್ಷೆಗಳು ನ್ಯಾಯಾಲಯದ ಕೈಸೇರಿದ್ದ ಗುಂಡನ್ನು ಪರೀಕ್ಷಿಸಿದವು. ಅದು ಶವಾಗಾರದಿಂದ ಅಲ್ಲಿಗೆ ಬಂದ ದಾರಿಯ ಮೇಲಿನ ವಾದ ಮಾತ್ರ ಇತಿಹಾಸಕಾರರ ನಡುವೆ ಇನ್ನೂ ನಡೆಯುತ್ತಲೇ ಇದೆ.